ಕಡಲ ಮೇಲಿನ ನೀಲಿ ಹಾಯಿ



ಈ ತಿಂಗಳ ನಮ್ಮ ಸಂವಾದ ಕಾರ್ಯಕ್ರಮದ ವಿಷಯ ಕಡಲತೀರದ ಅಪಾಯಗಳು. ಅಲೆಗಳ ಸೆಳೆತದ ಬಗ್ಗೆ, ಈಜು ಬಾರದವರು ವಹಿಸಬೇಕಾದ ಎಚ್ಚರದ ಬಗ್ಗೆ ಅತಿಥಿಗಳು ಮಾತನಾಡುತ್ತಾರೆ. ಕಾರ್ಯಕ್ರಮದ ನಡುವೆ ಎರಡು ನಿಮಿಷದ ಒಂದು ದೃಶ್ಯ ಬರುತ್ತದೆ. ಹದಿನೆಂಟರ ಹುಡುಗನೊಬ್ಬ ಮರಳ ಮೇಲಿಂದ ನೀಲಿ ಬಣ್ಣದ ಪುಟ್ಟ ಗುಳ್ಳೆಯೊಂದನ್ನು ಎತ್ತಿ ಕ್ಯಾಮೆರಾದ ಮುಂದೆ ಹಿಡಿಯುತ್ತಾನೆ; ಮರುಕ್ಷಣವೇ ಚೀರುತ್ತಾನೆ. ಎತ್ತು ಎಂದು ಅವನಿಗೆ ಹೇಳಿದವನು ನಾನು. ಆ ಎರಡು ನಿಮಿಷದಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆಗಸ್ಟ್ ತಿಂಗಳ ಮೊದಲ ವಾರ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನ್ ಮತ್ತು ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆ ರಜೆ ಮುಗಿದು ದೋಣಿಗಳು ಮತ್ತೆ ಕಡಲಿಗಿಳಿಯುವುದನ್ನು ಚಿತ್ರೀಕರಿಸಲು ಕುಂದಾಪುರದ ಆಚೆಯ ಮೀನುಗಾರರ ಹಳ್ಳಿಯೊಂದಕ್ಕೆ ಹೋಗಿದ್ದೆವು. ರಾತ್ರಿಯಿಡೀ ಗಾಳಿ ಬೀಸಿ ಬೆಳಗ್ಗೆ ಮರಳಿನ ಮೇಲೆ ಕಸಕಡ್ಡಿಗಳ ಜೊತೆ ನೂರಾರು ನೀಲಿ ಗುಳ್ಳೆಗಳು ಬಂದು ಬಿದ್ದಿದ್ದವು. ಬಿಸಿಲಿಗೆ ಹೊಳೆಯುತ್ತ, ಜಾತ್ರೆಯ ಪುಗ್ಗೆಗಳಂತೆ ಚೆಂದವಾಗಿದ್ದವು. ನೋಡಿದೊಡನೆ ಗುರುತು ಹಿಡಿದೆ: ಫೈಸೇಲಿಯ! ಬಿ.ಎಸ್ಸಿ.ಯಲ್ಲಿ ಪ್ರಾಣಿಶಾಸ್ತ್ರ ಓದಿದವನು ನಾನು. "ಬಹುರೂಪತೆ" ಎಂಬ ಪ್ರಶ್ನೆಗೆ ಇದರ ಚಿತ್ರ ಬರೆದು, ಭಾಗಗಳನ್ನು ಹೆಸರಿಸಿ ಒಳ್ಳೆಯ ಅಂಕ ಪಡೆದವನು. ಆದರೆ ಕಣ್ಣಾರೆ ಕಂಡದ್ದು ಅದೇ ಮೊದಲು.

"ಸರ್, ಮುಟ್ಟಬಹುದಾ?" ಎಂದು ನಮ್ಮ ಸಹಾಯಕ ಹುಡುಗ ಕೇಳಿದ. ಅವನಿಗೆ ಅದು ಮೊದಲ ಹೊರಾಂಗಣ ಚಿತ್ರೀಕರಣ. "ಸತ್ತು ಹೋಗಿದೆ, ಏನೂ ಆಗುವುದಿಲ್ಲ. ಎತ್ತಿ ಹಿಡಿ" ಎಂದೆ. ಮುಂದಿನದನ್ನು ನೀವು ನೋಡಲಿದ್ದೀರಿ.

ಇದು ಒಂದೋ, ಹಲವೋ?

ಪತ್ರಿಕೆಗಳು ಇದನ್ನು ಜೆಲ್ಲಿಫಿಶ್ ಎಂದೋ ಲೋಳೆಮೀನು ಎಂದೋ ಕರೆದುಬಿಡುತ್ತವೆ. ಮೊದಲನೆಯದಾಗಿ ಇದು ಮೀನಲ್ಲ. ಇದಕ್ಕೆ ಬೆನ್ನುಮೂಳೆಯೂ ಇಲ್ಲ, ಮಿದುಳೂ ಇಲ್ಲ. ಎರಡನೆಯದಾಗಿ ನಿಜವಾದ ಲೋಳೆಮೀನೂ ಅಲ್ಲ. ಲೋಳೆಮೀನು, ಹವಳ, ಕಡಲಹೂ, ಹೈಡ್ರ ಇವೆಲ್ಲ ಸೇರಿರುವ ವಂಶಕ್ಕೆ ನಮ್ಮ ಕಾಲದ ಪಠ್ಯಪುಸ್ತಕಗಳು ಸೀಲೆಂಟರೇಟ ಎನ್ನುತ್ತಿದ್ದವು. ಈಗ ನಿಡೇರಿಯ ಎನ್ನುತ್ತಾರೆ. ಅದೇ ವಂಶದಲ್ಲಿ ಸೈಫನೊಫೋರ್ ಎಂಬ ಬೇರೊಂದು ಕವಲಿಗೆ ಸೇರಿದ್ದು ಈ ಫೈಸೇಲಿಯ. ಕುಟುಕುವ ಗುಣದಲ್ಲಿ ಲೋಳೆಮೀನಿಗೆ ದಾಯಾದಿ. ಮೈಕಟ್ಟಿನಲ್ಲಿ ತೀರ ಬೇರೆ.

ಹೇಗೆ ಬೇರೆ? ಲೋಳೆಮೀನು ಒಂದು ಪ್ರಾಣಿ. ಫೈಸೇಲಿಯ ಒಂದು ವಸಾಹತು. ಅನೇಕ ಘಟಕಜೀವಿಗಳು ಒಂದಕ್ಕೊಂದು ಅಂಟಿಕೊಂಡು ಒಂದೇ ಪ್ರಾಣಿಯಂತೆ ಬಾಳುತ್ತವೆ. ಕೆಲಸವೂ ಹಂಚಿಕೆಯಾಗಿದೆ. ಮೇಲೆ ಗಾಳಿ ತುಂಬಿದ ತೇಲುಚೀಲ. ಅದರ ಕೆಳಗೆ ಬೇಟೆಯಾಡುವ ಉದ್ದನೆಯ ಗ್ರಹಣಾಂಗಗಳು, ಉಣ್ಣುವ ಮತ್ತು ಅರಗಿಸುವ ಘಟಕಗಳು, ಸಂತಾನದ ಹೊಣೆ ಹೊತ್ತ ಘಟಕಗಳು. ಬೇಟೆಯಾಡುವುದಕ್ಕೆ ಉಣ್ಣಲು ಬಾರದು, ಉಣ್ಣುವುದಕ್ಕೆ ತೇಲಲು ಬಾರದು. ಉಂಡದ್ದು ಮಾತ್ರ ಒಳಗಿನ ಸಮಾನ ಕಾಲುವೆಯಲ್ಲಿ ಹರಿದು ಎಲ್ಲರಿಗೂ ಸೇರುತ್ತದೆ.

ನಮ್ಮ ಚಿತ್ರೀಕರಣ ತಂಡವೂ ಹೀಗೆಯೇ ಎಂದು ನಿಮಗೆ ಅನ್ನಿಸಬಹುದು. ಕ್ಯಾಮೆರಾ ಒಬ್ಬರದು, ಧ್ವನಿ ಇನ್ನೊಬ್ಬರದು, ಬೆಳಕು ಮತ್ತೊಬ್ಬರದು. ಆದರೆ ಒಂದು ವ್ಯತ್ಯಾಸವಿದೆ. ಸಂಜೆ ಕೆಲಸ ಮುಗಿದ ಮೇಲೆ ನಾವು ಬೇರೆ ಬೇರೆ ಮನೆಗಳಿಗೆ ಹೋಗಿ ಊಟ ಮಾಡುತ್ತೇವೆ. ಫೈಸೇಲಿಯದ ಘಟಕಗಳಿಗೆ ಬೇರೆ ಮನೆ ಇಲ್ಲ. ಫಲಿತಗೊಂಡ ಒಂದೇ ಒಂದು ಮೊಟ್ಟೆಯಿಂದ ಮೊದಲ ಜೀವಿ ಹುಟ್ಟಿ, ಅದರ ಮೈಯಿಂದ ಮೊಗ್ಗೊಡೆಯುತ್ತ ಉಳಿದವೆಲ್ಲ ಬೆಳೆಯುತ್ತವೆ. ಹೀಗಾಗಿ ಎಲ್ಲವೂ ಒಂದೇ ರಕ್ತ ಎನ್ನೋಣ, ರಕ್ತವೆಂಬುದು ಅವಕ್ಕೆ ಇಲ್ಲವಾದರೂ! ಇಡೀ ವಸಾಹತು ಒಂದೋ ಗಂಡು, ಇಲ್ಲವೇ ಹೆಣ್ಣು.

ಹಾಗಾದರೆ ಇದನ್ನು ಒಂದು ಪ್ರಾಣಿ ಎನ್ನಬೇಕೋ, ಹಲವು ಎನ್ನಬೇಕೋ? ಈ ಪ್ರಶ್ನೆ ಹಳೆಯದು. ಡಾರ್ವಿನ್ನರ ಪರ ವಾದಿಸಿ ಮುಂದೆ ಖ್ಯಾತರಾದ ಥಾಮಸ್ ಹೆನ್ರಿ ಹಕ್ಸ್‌ಲಿ, 1846ರಲ್ಲಿ ಇಂಗ್ಲೆಂಡಿನಿಂದ ಹೊರಟ ರ‍್ಯಾಟಲ್‌ಸ್ನೇಕ್ ಎಂಬ ಹಡಗಿನಲ್ಲಿ ಸಹಾಯಕ ಶಸ್ತ್ರವೈದ್ಯರಾಗಿದ್ದರು. ಆ ಪ್ರಯಾಣದಲ್ಲಿ ಅವರು ಛೇದಿಸಿ ಪರೀಕ್ಷಿಸಿದ ಜೀವಿಗಳಲ್ಲಿ ಫೈಸೇಲಿಯವೂ ಒಂದು. ಒಂದೇ ಮೊಟ್ಟೆಯಿಂದ ಬಂದದ್ದೆಲ್ಲ ಸೇರಿ ಒಂದೇ ಜೀವಿ ಎಂಬುದು ಅವರ ಪಕ್ಷ. ಪ್ರತಿಯೊಂದು ಘಟಕವೂ ಒಂದು ಜೀವಿ, ಒಟ್ಟು ಮಾತ್ರ ವಸಾಹತು ಎಂಬುದು ಎದುರು ಪಕ್ಷ. ಇಂದಿನ ಪುಸ್ತಕಗಳು ವಸಾಹತು ಎಂಬ ಪದವನ್ನೇ ಉಳಿಸಿಕೊಂಡಿವೆ. ಆದರೆ ಅದರ ಬಾಳುವೆ ನೋಡಿದರೆ ಹಕ್ಸ್‌ಲಿಯವರ ಮಾತನ್ನು ತಳ್ಳಿಹಾಕುವಂತಿಲ್ಲ.

ಹೆಸರು ಬಂದ ಬಗೆ

ಇಂಗ್ಲಿಷಿನಲ್ಲಿ ಇದಕ್ಕೆ ಪೋರ್ಚುಗೀಸ್ ಮ್ಯಾನ್ ಆಫ್ ವಾರ್, ಅಂದರೆ ಪೋರ್ಚುಗೀಸರ ಸಮರನೌಕೆ ಎಂದು ಹೆಸರು. ಉಬ್ಬಿದ ಹಾಯಿ ಬಿಚ್ಚಿಕೊಂಡು ಬರುವ ಹಡಗಿನಂತೆ ಕಂಡದ್ದರಿಂದ ಈ ಹೆಸರು. ಉಳ್ಳಾಲದ ಅಬ್ಬಕ್ಕ ರಾಣಿಯ ನಾಡಿನವರಾದ ನಮಗೆ ಆ ಹಾಯಿಗಳ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ವಿಜ್ಞಾನದ ಹೆಸರಿನ ಮೂಲ ಗ್ರೀಕ್. ಗುಳ್ಳೆ ಎಂದು ಅರ್ಥ. 1758ರಲ್ಲಿ ಲಿನೇಯಸ್ ಇದನ್ನು ತಮ್ಮ ಪಟ್ಟಿಗೆ ಸೇರಿಸಿದರು. ಆಸ್ಟ್ರೇಲಿಯದವರು ತಮ್ಮ ತೀರಕ್ಕೆ ಬರುವ ಸಣ್ಣ ಗಾತ್ರದ್ದನ್ನು ಬ್ಲೂ ಬಾಟಲ್, ಅಂದರೆ ನೀಲಿ ಸೀಸೆ ಎನ್ನುತ್ತಾರೆ. ನಮ್ಮ ಪತ್ರಿಕೆಗಳಲ್ಲೂ ಈಗ ಈ ಹೆಸರೇ ರೂಢಿ.

ಇನ್ನೂರು ವರ್ಷಗಳಿಗೂ ಹೆಚ್ಚು ಕಾಲ ಇದರ ಜಾತಿಗಳೆಷ್ಟು ಎಂಬ ಚರ್ಚೆ ನಡೆದೇ ಇತ್ತು. ಕಡಲುಗಳಿಗೆ ಬೇಲಿ ಇಲ್ಲದಿರುವುದರಿಂದ ಲೋಕಕ್ಕೆಲ್ಲ ಒಂದೇ ಜಾತಿ ಎಂದು ಬಹುಮಂದಿ ನಂಬಿದ್ದರು. 2025ರಲ್ಲಿ ಪ್ರಕಟವಾದ ಅಧ್ಯಯನವೊಂದು 150ಕ್ಕೂ ಹೆಚ್ಚು ಮಾದರಿಗಳ ಜೀನೋಮನ್ನು ಹೋಲಿಸಿ ಕನಿಷ್ಠ ನಾಲ್ಕು ಜಾತಿಗಳಿವೆ ಎಂದು ತೋರಿಸಿತು. ಲೋಕದ ನಾನಾ ತೀರಗಳಲ್ಲಿ ಸಾಮಾನ್ಯ ಜನರು ತೆಗೆದ ಸಾವಿರಾರು ಛಾಯಾಚಿತ್ರಗಳೂ ಈ ಕೆಲಸಕ್ಕೆ ನೆರವಾದವು. ಕಡಲದಂಡೆಯಲ್ಲಿ ನಿಂತು ಮೊಬೈಲಿನಲ್ಲಿ ಚಿತ್ರ ತೆಗೆಯುವವರೂ ವಿಜ್ಞಾನಕ್ಕೆ ಉಪಕಾರ ಮಾಡಬಲ್ಲರು. ದೂರದಿಂದ ತೆಗೆಯಬೇಕು, ಅಷ್ಟೆ.

ಗಾಳಿಗೆ ಒಡ್ಡಿದ ಹಾಯಿ

ಅಟ್ಲಾಂಟಿಕ್ ಸಾಗರದ ದೊಡ್ಡ ಫೈಸೇಲಿಯದ ತೇಲುಚೀಲ 30 ಸೆಂಟಿಮೀಟರ್ ಉದ್ದವಿರಬಹುದು. ನೀರಿನಿಂದ 15 ಸೆಂಟಿಮೀಟರ್ ಮೇಲೆ ಎದ್ದಿರಬಹುದು. ಗ್ರಹಣಾಂಗಗಳು ಸಾಮಾನ್ಯವಾಗಿ 10 ಮೀಟರ್, ಕೆಲವೊಮ್ಮೆ 30 ಮೀಟರಿನವರೆಗೂ ಇಳಿಬಿದ್ದಿರುತ್ತವೆ. 30 ಮೀಟರ್ ಎಂದರೆ ಸುಮಾರು ನೂರು ಅಡಿ! ನಮ್ಮ ತೀರದಲ್ಲಿ ಕಂಡದ್ದು ಚಿಕ್ಕವು. ಹೆಬ್ಬೆರಳಿನಿಂದ ಅಂಗೈಯವರೆಗಿನ ಗಾತ್ರ.

ಚೀಲದಲ್ಲಿರುವ ಅನಿಲವೂ ವಿಚಿತ್ರ. ಹೆಚ್ಚಿನ ಭಾಗ ನಮ್ಮ ಸುತ್ತಲಿನ ಗಾಳಿಯದೇ. ಅದರ ಜೊತೆಗೆ ಕಾರ್ಬನ್ ಮಾನಾಕ್ಸೈಡ್ ಕೂಡ ಇದೆ. ನೂರಕ್ಕೆ ಹತ್ತು ಪಾಲಿಗಿಂತ ಹೆಚ್ಚು ಇರುವುದೂ ಉಂಟು. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಒಲೆ ಉರಿಸಿ ಮಲಗಿದವರ ಪ್ರಾಣ ತೆಗೆಯುವ ಅನಿಲವೇ ಇದು. ಚೀಲದೊಳಗಿನ ಅನಿಲಗ್ರಂಥಿಯೊಂದು ಸೆರೀನ್ ಎಂಬ ಅಮೈನೊ ಆಮ್ಲದಿಂದ ಇದನ್ನು ತಯಾರಿಸುತ್ತದೆ. ಚೀಲದ ಮೇಲಂಚಿನಲ್ಲಿ ನೆರಿಗೆ ನೆರಿಗೆಯಾದ ಒಂದು ಏಣು ಇದೆ. ಅದೇ ಹಾಯಿ. ಬಿಸಿಲಿಗೆ ಚೀಲ ಒಣಗದಂತೆ ಆಗಾಗ ಪಕ್ಕಕ್ಕೆ ಹೊರಳಿ ಒದ್ದೆ ಮಾಡಿಕೊಳ್ಳುವುದೂ ಇದಕ್ಕೆ ಗೊತ್ತು.

ಈಜಲು ಇದಕ್ಕೆ ಬಾರದು. ಗಾಳಿ ಮತ್ತು ಪ್ರವಾಹ ಒಯ್ದತ್ತ ಹೋಗಬೇಕು. ಆದರೆ ನಿಸರ್ಗ ಇಲ್ಲಿ ಒಂದು ಉಪಾಯ ಮಾಡಿದೆ. ಮನುಷ್ಯರಲ್ಲಿ ಎಡಚರು, ಬಲಚರು ಇರುವಂತೆ ಇವುಗಳಲ್ಲೂ ಹಾಯಿ ಎಡಕ್ಕೆ ಓರೆಯಾದವು, ಬಲಕ್ಕೆ ಓರೆಯಾದವು ಎಂದು ಎರಡು ಬಗೆ. ಒಂದೇ ಗಾಳಿ ಬೀಸಿದರೂ ಒಂದು ಬಗೆಯದು ಗಾಳಿಯ ಎಡಕ್ಕೆ, ಇನ್ನೊಂದು ಬಲಕ್ಕೆ ಸರಿಯುತ್ತದೆ. ಆದ್ದರಿಂದ ಒಂದು ಗಾಳಿ ಹಿಂಡಿನ ಒಂದು ಪಾಲನ್ನು ದಡಕ್ಕೆಸೆದರೂ ಇನ್ನೊಂದು ಪಾಲು ಕಡಲಲ್ಲಿ ಉಳಿಯುವ ಸಂಭವವಿರುತ್ತದೆ. ಮುಂಗಾರಿನ ನೈರುತ್ಯ ಗಾಳಿ ಅರಬ್ಬಿ ಸಮುದ್ರದಿಂದ ನಮ್ಮ ದಡದತ್ತ ಬಲವಾಗಿ ಬೀಸುತ್ತದೆ. ಹೀಗಾಗಿ ಪಶ್ಚಿಮ ಕರಾವಳಿಗೆ ಇವು ಬಂದು ಬೀಳುವುದು ಹೆಚ್ಚಾಗಿ ಮಳೆಗಾಲದಲ್ಲಿ. 2018ರ ಆಗಸ್ಟ್‌ನಲ್ಲಿ ಮುಂಬಯಿಯ ತೀರಗಳಲ್ಲಿ ನೂರಕ್ಕೂ ಹೆಚ್ಚು ಜನರನ್ನು ಇವು ಕುಟುಕಿದವೆಂದು ಪತ್ರಿಕೆಗಳಲ್ಲಿ ವರದಿಯಾಯಿತು.

ಸತ್ತ ಮೇಲೂ ಸಿಡಿಯುವ ಬಾಣ

ಈಗ ನನ್ನ ತಪ್ಪಿನ ವಿಷಯಕ್ಕೆ ಬರುತ್ತೇನೆ. "ಸತ್ತಿದೆ, ಏನೂ ಆಗುವುದಿಲ್ಲ" ಎಂದೆನಲ್ಲ, ಅದೇಕೆ ತಪ್ಪು?

ಗ್ರಹಣಾಂಗದ ಉದ್ದಕ್ಕೂ ಮಣಿಸರದಂತೆ ಕುಟುಕುಕೋಶಗಳ ಗುಚ್ಛಗಳಿರುತ್ತವೆ. ಪ್ರತಿ ಕೋಶದೊಳಗೂ ಸೂಕ್ಷ್ಮವಾದ ಒಂದು ಸಂಪುಟ, ಅದರೊಳಗೆ ಸುರುಳಿ ಸುತ್ತಿದ ಟೊಳ್ಳು ದಾರ, ಮತ್ತು ವಿಷ. ಸಂಪುಟದ ಒಳಗಿನ ಒತ್ತಡ ಅಪಾರ. ಹೈಡ್ರದಲ್ಲಿ ಇದೇ ಬಗೆಯ ಕೋಶಗಳನ್ನು ಅತಿವೇಗದ ಕ್ಯಾಮೆರಾದಿಂದ ಚಿತ್ರೀಕರಿಸಿದ ಜರ್ಮನಿಯ ವಿಜ್ಞಾನಿಗಳು 2006ರಲ್ಲಿ ತಮ್ಮ ಲೆಕ್ಕ ಪ್ರಕಟಿಸಿದರು. ಅದರಂತೆ ಬಾಣ ಹೊರಚಿಮ್ಮಲು ಬೇಕಾದದ್ದು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ ಹೊತ್ತು. ಅದರ ವೇಗೋತ್ಕರ್ಷ ಭೂಗುರುತ್ವದ 50 ಲಕ್ಷ ಪಟ್ಟಿಗೂ ಹೆಚ್ಚು. ಜೀವಲೋಕದಲ್ಲಿ ಇದಕ್ಕಿಂತ ಚುರುಕಾದ ಚಲನೆಗಳು ಬಹಳ ಕಡಿಮೆ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಹಾವು ಕಚ್ಚಬೇಕಾದರೆ ಅದು ಬಾಯಿ ತೆರೆಯಬೇಕು. ಕುಟುಕುಕೋಶಕ್ಕೆ ಯಾರ ಅಪ್ಪಣೆಯೂ ಬೇಡ. ಸ್ಪರ್ಶ ಮತ್ತು ರಾಸಾಯನಿಕ ಸುಳಿವು ಸಿಕ್ಕರೆ ತಾನೇ ಸಿಡಿಯುತ್ತದೆ. ಅದು ಕೀಲಿ ಕೊಟ್ಟಿಟ್ಟ ಇಲಿಬೋನಿನಂತೆ. ಬೋನು ಇಟ್ಟವನು ಊರು ಬಿಟ್ಟು ಹೋಗಿದ್ದರೂ ಬೆರಳಿಟ್ಟವನಿಗೆ ಏಟು ತಪ್ಪದು. ಆದ್ದರಿಂದಲೇ ದಡಕ್ಕೆ ಬಿದ್ದು ದಿನಗಳೇ ಕಳೆದ ಫೈಸೇಲಿಯವೂ, ನೀರಿನಲ್ಲಿ ತೇಲುವ ಹರಿದ ಗ್ರಹಣಾಂಗದ ತುಂಡೂ ಕುಟುಕಬಲ್ಲವು. ಮಕ್ಕಳು ಗುಳ್ಳೆಯನ್ನು ಕಾಲಿನಿಂದ ಒತ್ತಿ ಪಟ್ಟೆಂದು ಒಡೆಯುವ ಆಟ ಆಡುವುದುಂಟು. ಗುಳ್ಳೆಯ ಕೆಳಗೆ ದಾರ ಇರುತ್ತದೆ ಎಂಬುದು ಅವರಿಗೆ ಗೊತ್ತಿರುವುದಿಲ್ಲ.

ಫೈಸೇಲಿಯದ ಮಟ್ಟಿಗೆ ಈ ಆಯುಧ ಅನ್ನದ ದಾರಿ. ಇದರ ಆಹಾರದ ಬಹುಪಾಲು ಮೀನಿನ ಮರಿಗಳು. ತಾಗಿದ ಮರಿ ಸೆಟೆದುಕೊಳ್ಳುತ್ತದೆ, ಗ್ರಹಣಾಂಗ ಕುಗ್ಗಿ ಮೇಲಕ್ಕೆಳೆಯುತ್ತದೆ, ಉಣ್ಣುವ ಘಟಕಗಳು ಬಾಯಿ ಹಿಗ್ಗಿಸಿ ಬೇಟೆಯನ್ನು ಕವುಚಿಕೊಂಡು ಅರಗಿಸುತ್ತವೆ.

ಇಂಥ ವಿಷದ ತೋಪಿನಲ್ಲೂ ಸಂಸಾರ ಹೂಡಿದವರಿದ್ದಾರೆ. ನೋಮಿಯಸ್ ಎಂಬ ಪುಟ್ಟ ಮೀನು ಗ್ರಹಣಾಂಗಗಳ ನಡುವೆಯೇ ತಪ್ಪಿಸಿಕೊಂಡು ಓಡಾಡುತ್ತ, ಅವನ್ನೇ ಅಷ್ಟಿಷ್ಟು ಕಚ್ಚಿ ತಿನ್ನುತ್ತದೆ. ಗ್ಲಾಕಸ್ ಎಂಬ ನೀಲಿ ಕಡಲಹುಳು, ವಾಸ್ತವದಲ್ಲಿ ಚಿಪ್ಪಿಲ್ಲದ ಬಸವನಹುಳು, ಫೈಸೇಲಿಯವನ್ನು ತಿಂದು ಸಿಡಿಯದ ಬಾಣಗಳನ್ನು ತನ್ನ ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಮುಂದೆ ಅವೇ ಅದಕ್ಕೆ ರಕ್ಷಣೆ. ಕಡಲಾಮೆಗಳೂ ಇದನ್ನು ತಿನ್ನುತ್ತವೆ. ಕಂಬಳಿ ಆಕ್ಟೋಪಸ್ ಎಂಬುದು ಗ್ರಹಣಾಂಗದ ತುಂಡುಗಳನ್ನು ಕಿತ್ತು ಕತ್ತಿಯಂತೆ ಹಿಡಿದು ತಿರುಗುವುದನ್ನು 1963ರಲ್ಲಿ ವರದಿ ಮಾಡಲಾಯಿತು.

ರಾಜನ ನೌಕೆಯಲ್ಲಿ ಒಂದು ಪ್ರಯೋಗ

ವೈದ್ಯಶಾಸ್ತ್ರಕ್ಕೂ ಈ ಜೀವಿಗೂ ಒಂದು ನಂಟಿದೆ. 1901ರಲ್ಲಿ ಮೊನಾಕೊದ ರಾಜಕುಮಾರ ಒಂದನೆಯ ಆಲ್ಬರ್ಟ್ ತಮ್ಮ ಸಂಶೋಧನಾ ನೌಕೆಯಲ್ಲಿ ಶಾರ್ಲ್ ರಿಶೆ ಮತ್ತು ಪಾಲ್ ಪೋರ್ತಿಯೆ ಎಂಬ ಇಬ್ಬರು ಫ್ರೆಂಚ್ ವಿಜ್ಞಾನಿಗಳನ್ನು ಕರೆದೊಯ್ದರು. ಫೈಸೇಲಿಯದ ವಿಷವನ್ನು ಅಧ್ಯಯನ ಮಾಡುವುದು ಅವರ ಕೆಲಸ. ಫ್ರಾನ್ಸಿಗೆ ಮರಳಿದ ಮೇಲೆ ಫೈಸೇಲಿಯ ಸಿಗದಿದ್ದರಿಂದ ಅದರ ಬಂಧುವಾದ ಕಡಲಹೂವಿನ ವಿಷದಿಂದ ನಾಯಿಗಳ ಮೇಲೆ ಪ್ರಯೋಗ ಮುಂದುವರಿಸಿದರು. ಅಲ್ಪ ಪ್ರಮಾಣದ ವಿಷ ಕೊಟ್ಟು ಅಭ್ಯಾಸ ಮಾಡಿಸಿದರೆ ನಾಯಿಗೆ ಸಹನಶಕ್ತಿ ಬಂದೀತು ಎಂಬುದು ಅವರ ನಿರೀಕ್ಷೆ. ಆದದ್ದು ಅದಕ್ಕೆ ವಿರುದ್ಧ. ಮೊದಲ ಸಲ ತಡೆದುಕೊಂಡಿದ್ದ ನಾಯಿಯೊಂದು ಸುಮಾರು ಮೂರು ವಾರಗಳ ನಂತರ ಅಲ್ಪ ವಿಷ ಕೊಟ್ಟೊಡನೆ ಉಸಿರುಗಟ್ಟಿ, ಅರ್ಧ ಗಂಟೆಯೊಳಗೆ ಸತ್ತಿತು.

ರಕ್ಷಣೆಗೆ ವಿರುದ್ಧವಾದ ಈ ಸ್ಥಿತಿಗೆ 1902ರಲ್ಲಿ ಅವರಿಟ್ಟ ಹೆಸರು ಅನಾಫಿಲಾಕ್ಸಿಸ್. ಜೇನುಹುಳು ಕಚ್ಚಿ, ಪೆನಿಸಿಲಿನ್ ಚುಚ್ಚಿಸಿಕೊಂಡು, ಕಡಲೆಕಾಯಿ ತಿಂದು ಕೆಲವರು ಹಠಾತ್ತನೆ ಕುಸಿಯುತ್ತಾರಲ್ಲ, ಅದೇ ಇದು. 1913ರಲ್ಲಿ ರಿಶೆಯವರಿಗೆ ನೊಬೆಲ್ ಬಹುಮಾನ ಬಂತು. ಮೊದಲ ಸಲ ಏನೂ ಆಗಲಿಲ್ಲವೆಂದು ಎರಡನೆಯ ಸಲ ಅಸಡ್ಡೆ ಮಾಡಬಾರದು ಎಂಬ ಪಾಠ ನಮಗೂ ಉಳಿಯಿತು.

ಕುಟುಕಿದಾಗ ಏನು ಮಾಡಬೇಕು?

ಅಂದು ಹುಡುಗನ ಮುಂಗೈ ಮೇಲೆ ಚಾಟಿಯಿಂದ ಹೊಡೆದಂತೆ ಕೆಂಪು ಬರೆ, ಬರೆಯ ಮೇಲೆ ಸಾಲು ಗುಳ್ಳೆ. ನಾನು ಗಾಬರಿಯಿಂದ ಕುಡಿಯುವ ನೀರಿನ ಬಾಟಲಿಯನ್ನು ಅವನ ಕೈ ಮೇಲೆ ಸುರಿದೆ. ಒದ್ದೆ ಟವೆಲಿನಿಂದ ಉಜ್ಜಿದೆ. ಅವನ ಚೀರಾಟ ಇಮ್ಮಡಿಯಾಯಿತು. ಬಲೆ ಸರಿಪಡಿಸುತ್ತ ಕುಳಿತಿದ್ದ ಅಜ್ಜನೊಬ್ಬರು ಓಡಿಬಂದು, "ಉಜ್ಬೇಡಿ ಮಾರಾಯ್ರೆ! ಆ ಬಾಟ್ಲಿ ನೀರ್ ಬ್ಯಾಡ" ಎಂದು ನನ್ನ ಕೈ ತಡೆದರು. ಕಡಲ ನೀರನ್ನೇ ತಂದು ಹೊಯ್ದರು. ತೆಂಗಿನ ಗರಿಯ ಕಡ್ಡಿಯಿಂದ ಅಂಟಿದ್ದ ನೀಲಿ ದಾರಗಳನ್ನು ಮೆಲ್ಲಗೆ ಎತ್ತಿ ತೆಗೆದರು. ಆಮೇಲೆ ತಮ್ಮ ಮನೆಗೆ ಕರೆದೊಯ್ದು ಬಚ್ಚಲ ಹಂಡೆಯ ಬಿಸಿನೀರನ್ನು ಬಕೆಟಿಗೆ ಹಾಕಿ, "ಕೈ ಇಡು ಮಗಾ, ಉರಿ ಕಮ್ಮಿ ಆತ್ತ್" ಎಂದರು. ಅರ್ಧ ಗಂಟೆಯಲ್ಲಿ ಹುಡುಗ ಅಳು ನಿಲ್ಲಿಸಿ ಕಾಫಿ ಕುಡಿದ.

ಊರಿಗೆ ಮರಳಿದ ಮೇಲೆ ಓದಿ ನೋಡಿದೆ. 2006ರಲ್ಲಿ ಆಸ್ಟ್ರೇಲಿಯದಲ್ಲಿ ನೀಲಿ ಸೀಸೆ ಕುಟುಕಿದ 96 ಮಂದಿಯ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶ ಪ್ರಕಟವಾಗಿದೆ. 45 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಿಂದ 20 ನಿಮಿಷಗಳಲ್ಲಿ ನೂರಕ್ಕೆ 87 ಮಂದಿಗೆ ನೋವು ತಗ್ಗಿತು. ಮಂಜುಗಡ್ಡೆಯ ಚೀಲ ಇಟ್ಟವರಲ್ಲಿ ನೂರಕ್ಕೆ 33 ಮಂದಿಗೆ ಮಾತ್ರ. ಅಜ್ಜನ ಹಂಡೆಯ ನೀರಿಗೆ ವಿಜ್ಞಾನದ ಸಾಕ್ಷಿ ಸಿಕ್ಕಿತ್ತು. ನನ್ನ ಬಾಟಲಿ ನೀರಿಗೆ ಸಿಗಲಿಲ್ಲ.

ಆದ್ದರಿಂದ ಈ ಕೆಲವು ಮಾತುಗಳನ್ನು ನೆನಪಿಡಿ.

ಮೊದಲು ಗಾಯಾಳುವನ್ನು ನೀರಿನಿಂದ ಹೊರಗೆ ತನ್ನಿ. ಅಂಟಿರುವ ದಾರಗಳನ್ನು ಬರಿಗೈಯಿಂದ ಮುಟ್ಟದೆ, ಚಿಮುಟದಿಂದಲೋ ಕಡ್ಡಿಯಿಂದಲೋ ಎತ್ತಿ ತೆಗೆಯಿರಿ. ಉಜ್ಜಬೇಡಿ, ಮರಳು ಹಚ್ಚಬೇಡಿ. ಸಿಹಿನೀರು, ಸ್ಪಿರಿಟ್, ಮೂತ್ರ ಯಾವುದನ್ನೂ ಹಾಕಬೇಡಿ. ಉಳಿದ ಕೋಶಗಳು ಸಿಡಿಯುವ ಸಂಭವವಿದೆ. ಕಡಲ ನೀರಿನಿಂದ ತೊಳೆಯಿರಿ. ವಿನೆಗರ್ ಹಾಕಬೇಕೇ ಬೇಡವೇ ಎಂಬಲ್ಲಿ ತಜ್ಞರಲ್ಲಿ ಭಿನ್ನಾಭಿಪ್ರಾಯವಿದೆ. ಆಸ್ಟ್ರೇಲಿಯದ ಸೂಚನೆಗಳು ಈ ಜೀವಿಯ ಮಟ್ಟಿಗೆ ಬೇಡ ಎನ್ನುತ್ತವೆ. 2017ರ ಪ್ರಯೋಗಾಲಯದ ಅಧ್ಯಯನವೊಂದು ಕಡಲ ನೀರಿಗಿಂತ ಅದೇ ಮೇಲು ಎಂದಿದೆ. ಬಿಸಿಯ ವಿಷಯದಲ್ಲಿ ಎರಡು ಪಕ್ಷದವರೂ ಒಂದೇ ಮಾತು ಹೇಳುತ್ತಾರೆ. ಎಣ್ಣೆಸ್ನಾನಕ್ಕೆ ಬಳಸುವಷ್ಟು, ಅಂದರೆ ತಡೆದುಕೊಳ್ಳಬಹುದಾದಷ್ಟು ಬಿಸಿನೀರಿನಲ್ಲಿ 20 ನಿಮಿಷ ಇಡಿ. ಮೊದಲು ನಿಮ್ಮ ಕೈ ಅದ್ದಿ ನೋಡಿ. ನೋವಿನಲ್ಲಿರುವವರಿಗೆ ಸುಡುವುದು ತಿಳಿಯದೆ ಹೋಗಬಹುದು.

ನೋವು ಸಾಮಾನ್ಯವಾಗಿ ಒಂದೆರಡು ಗಂಟೆಗಳಲ್ಲಿ ಇಳಿಯುತ್ತದೆ; ಬರೆ ಕೆಲವು ದಿನ ಉಳಿಯುತ್ತದೆ. ಸಾವು ಅತಿ ವಿರಳ. ಅಮೆರಿಕದ ಫ್ಲಾರಿಡಾದಲ್ಲಿ ಸಂಭವಿಸಿದ ಒಂದು ಸಾವು ವೈದ್ಯಕೀಯ ಪತ್ರಿಕೆಯಲ್ಲಿ 1989ರಲ್ಲಿ ದಾಖಲಾಗಿದೆ. ಆದರೆ ಉಸಿರಾಟಕ್ಕೆ ಕಷ್ಟವಾದರೆ, ಎದೆ ಬಿಗಿದರೆ, ಮುಖ ಊದಿದರೆ, ತಲೆಸುತ್ತಿ ಬಿದ್ದರೆ ಬಿಸಿನೀರು ಕಾಯಿಸುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಕಣ್ಣಿಗೆ ತಾಗಿದ್ದರೂ, ಚಿಕ್ಕ ಮಗುವಾಗಿದ್ದರೂ ವೈದ್ಯರಿಗೆ ತೋರಿಸಲೇಬೇಕು.

ಎಲ್ಲಕ್ಕಿಂತ ಸುಲಭವಾದದ್ದು, ಮಳೆಗಾಲದಲ್ಲಿ ಮರಳ ಮೇಲೆ ನೀಲಿ ಗುಳ್ಳೆಗಳು ಕಂಡರೆ ಆ ದಿನ ನೀರಿಗೆ ಇಳಿಯದಿರುವುದು, ಚಪ್ಪಲಿ ಕಳಚದಿರುವುದು. ಅವು ನಮ್ಮನ್ನು ಅಟ್ಟಿಸಿಕೊಂಡು ಬರುವುದಿಲ್ಲ. ಗಾಳಿ ತಂದು ಹಾಕಿದ ಕಡೆ ಬಿದ್ದಿರುತ್ತವೆ.

ಆ ದೃಶ್ಯವನ್ನು ಅಂದು ಸಂಕಲನದ ವೇಳೆ ನಾನೇ ಕತ್ತರಿಸಿ ತೆಗೆದಿದ್ದೆ. ಮೀನುಗಾರಿಕೆಯ ಕಾರ್ಯಕ್ರಮಕ್ಕೆ ಅದು ಸಲ್ಲದು ಎಂದು ಎಲ್ಲರಿಗೂ ಹೇಳಿದೆ. ನನ್ನ ಧ್ವನಿ ಅದರಲ್ಲಿ ಸ್ಪಷ್ಟವಾಗಿ ಕೇಳುತ್ತಿತ್ತು ಎಂಬುದು ನಿಜವಾದ ಕಾರಣ. ಈ ತಿಂಗಳ ಸಂವಾದಕ್ಕೆ ಸಿದ್ಧತೆ ನಡೆಸುವಾಗ ಆ ಹುಡುಗನೇ, ಈಗ ಅವನು ನಮ್ಮಲ್ಲಿ ಸಹಾಯಕ ಕ್ಯಾಮೆರಾಮನ್, ಅದನ್ನು ಹುಡುಕಿ ತಂದ. "ಸರ್, ಇದನ್ನೇ ತೋರಿಸಿ. ಮುಟ್ಟಬೇಡಿ ಅಂತ ನಾವು ಹತ್ತು ಸಲ ಹೇಳೋದಕ್ಕಿಂತ ಇದು ವಾಸಿ" ಎಂದ. ಧ್ವನಿ ತೆಗೆಯಲೇ ಎಂದು ಕೇಳಿದೆ. "ಬೇಡ ಸರ್, ಇರಲಿ" ಎಂದ. ಇರಲೆಂದು ಬಿಟ್ಟಿದ್ದೇನೆ.

ಕಾರ್ಯಕ್ರಮ ನೋಡಿ. ಮನೆಯ ಮಕ್ಕಳಿಗೂ ತೋರಿಸಿ. ಕಡಲತೀರದಲ್ಲಿ ನೀವು ಕಂಡದ್ದನ್ನು, ನಿಮ್ಮ ಊರಿನ ಮೀನುಗಾರರು ಈ ಜೀವಿಯನ್ನು ಕರೆಯುವ ಹೆಸರನ್ನು ನಮಗೆ ಬರೆದು ತಿಳಿಸಿ. ಮುಂದಿನ ಸಂಚಿಕೆಯ ಪತ್ರೋತ್ತರ ವಿಭಾಗದಲ್ಲಿ ಅವುಗಳಿಗೆ ಜಾಗ ಇಟ್ಟಿರುತ್ತೇವೆ.